25,000 ಬಾಡಿಗೆಯಲ್ಲಿ ಕೈಗುಳಿಯುವುದು ಎಷ್ಟು?

ಬೆಂಗಳೂರಿನಲ್ಲಿ ಬಾಡಿಗೆಗೆ ಬಿಡಲೆಂದೇ ಫ್ಲ್ಯಾಟ್ ಕೊಳ್ಳುವ ಯೋಚನೆ ಇದ್ದರೆ, ಮನೆ ನೋಡಲು ಹೋಗುವ ಮುಂಚೆ ಒಂದು ಹಾಳೆ, ಪೆನ್ನು ಹಿಡಿದು ಕೂತುಕೊಳ್ಳಿ. ಸಾಧಾರಣ ಬಡಾವಣೆಯ 2 ಬಿಎಚ್‌ಕೆ, ಬೆಲೆ 80 ಲಕ್ಷ ಎಂದಿಟ್ಟುಕೊಳ್ಳೋಣ. ಈ ಬೆಲೆಗೆ ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಇವೆರಡಕ್ಕೇ 6.08 ಲಕ್ಷ. ವಾರ್ಡ್‌ರೋಬು, ಅಡುಗೆಮನೆ ಕಪಾಟು, ಗೀಸರ್, ಫ್ಯಾನು, ಸೊಳ್ಳೆ ಜಾಲರಿ ಎಂದು ಇನ್ನೊಂದು 4 ಲಕ್ಷ. ಅಲ್ಲಿಗೆ 90 ಲಕ್ಷ ದಾಟಿತು.

ತಿಂಗಳಿಗೆ 25,000 ಬಾಡಿಗೆ ಬಂದರೆ ವರ್ಷಕ್ಕೆ 3 ಲಕ್ಷ. ಎರಡು ವರ್ಷಕ್ಕೊಮ್ಮೆ ಬಾಡಿಗೆದಾರರು ಬದಲಾದಾಗ ಒಂದು ತಿಂಗಳು ಮನೆ ಖಾಲಿ ಬೀಳುತ್ತದೆ. ಅದರ ಜೊತೆ ಬ್ರೋಕರ್ ಕಮಿಷನ್, ಕಂದಾಯ, ರಿಪೇರಿ ಎಂದು ವರ್ಷಕ್ಕೆ 50,000 ತೆಗೆದಿಡಿ. ಉಳಿದದ್ದು 2.5 ಲಕ್ಷ, ಅಂದರೆ ಹಾಕಿದ ದುಡ್ಡಿಗೆ ಶೇ 2.8ರ ಆಸುಪಾಸು. 'ಬಾಡಿಗೆಯಲ್ಲೇ ಇಎಂಐ ಕಟ್ಟಿಕೊಂಡು ಹೋಗುತ್ತೆ' ಎಂದು ಬ್ರೋಕರ್ ಹೇಳಿದರೆ ನಂಬಬೇಡಿ. 60 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂದರೆ ಇಎಂಐ 52,000. ಪ್ರತಿ ತಿಂಗಳೂ 27,000 ನಿಮ್ಮ ಸಂಬಳದಿಂದಲೇ ಹೋಗಬೇಕು. ಅಷ್ಟು ತಡೆದುಕೊಳ್ಳಲು ಆಗುವವರು ಮಾತ್ರ ಮುಂದಕ್ಕೆ ಹೋಗಿ.

ಆದಾಯ ತೆರಿಗೆಯಲ್ಲಿ ಬಾಡಿಗೆಯಿಂದ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30 ನೇರವಾಗಿ ಬಿಡುತ್ತಾರೆ. ರಿಪೇರಿ ಬಿಲ್ಲು ತೋರಿಸುವ ಅಗತ್ಯವಿಲ್ಲ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಆದರೆ ಬಡ್ಡಿ ಬಾಡಿಗೆಯನ್ನು ಮೀರಿ ನಷ್ಟ ಬಂದಾಗ, ಹಳೇ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಆದಾಯದಿಂದ ಕಳೆಯಬಹುದು, ಹೊಸ ಪದ್ಧತಿಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಅಮೆರಿಕದಲ್ಲೋ ದುಬೈನಲ್ಲೋ ಇದ್ದುಕೊಂಡು ಇಲ್ಲಿ ಮನೆ ಬಾಡಿಗೆಗೆ ಕೊಟ್ಟವರು ಇನ್ನೊಂದು ವಿಷಯ ಗಮನಿಸಬೇಕು: ಮಾಲೀಕರು ಅನಿವಾಸಿಯಾಗಿದ್ದರೆ ಬಾಡಿಗೆದಾರರೇ ಬಾಡಿಗೆ ಕೊಡುವಾಗ ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ) ಹಿಡಿದು ಕಟ್ಟಬೇಕು, ಸಾಮಾನ್ಯವಾಗಿ ಶೇ 31.2. ಕರಾರಿನಲ್ಲೇ ಇದನ್ನು ಬರೆಸಿ.

ಕಾಗದಪತ್ರದಲ್ಲಿ ಹೆಚ್ಚು ಜನ ಎಡವುವುದು ಒಸಿ, ಅಂದರೆ ಸ್ವಾಧೀನಾನುಭವ ಪತ್ರದ ವಿಷಯದಲ್ಲಿ. 'ಸಿಸಿ ಇದೆ ಸಾರ್' ಎಂದು ಬಿಲ್ಡರ್ ಕಡೆಯವರು ತೋರಿಸುವುದು ಎಷ್ಟೋ ಸಲ ಕಾಮಗಾರಿ ಶುರುಮಾಡಲು ಕೊಟ್ಟ ಪತ್ರ. ವಾಸಕ್ಕೆ ಯೋಗ್ಯ ಎಂದು ಕೊಡುವ ಸ್ವಾಧೀನಾನುಭವ ಪತ್ರವೇ ಬೇರೆ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ, ಅದು ಇಲ್ಲದ ಹೊಸ ಕಟ್ಟಡಕ್ಕೆ ಕಾಯಂ ಕರೆಂಟು ಸಿಗುವುದು ಕಷ್ಟವಾಗಿದೆ. ತಾತ್ಕಾಲಿಕ ಸಂಪರ್ಕದ ದರ ಜಾಸ್ತಿ, ಆ ಬಿಲ್ಲು ಕಂಡರೆ ಬಾಡಿಗೆದಾರರು ನಿಲ್ಲುವುದಿಲ್ಲ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ಕನಿಷ್ಠ 30 ವರ್ಷದ ಇಸಿ (ಋಣಭಾರ ಪತ್ರ) ಇರಲೇಬೇಕು. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿ ಆಗದ ಕರಾರು, ಮನೆಮಂದಿಯ ಭಾಗದ ತಕರಾರು ಅದರಲ್ಲಿ ಬರುವುದಿಲ್ಲ. ಅದಕ್ಕೇ ಮೂಲಪತ್ರಗಳನ್ನು ವಕೀಲರಿಗೆ ತೋರಿಸಬೇಕು.

ಇನ್ನು ಮನೆ ನೋಡುವ ಬಗೆ. ಹಾಲ್‌ನ ಬೆಳಕು, ಬಾಲ್ಕನಿ ಆಮೇಲೆ. ಮೊದಲು ಬಚ್ಚಲಿಗೆ ಅಂಟಿದ ಬೆಡ್‌ರೂಮಿನ ಗೋಡೆ ನೋಡಿ. ನೆಲದಿಂದ ಒಂದಡಿ ಎತ್ತರದವರೆಗೆ ಪೇಂಟು ಹಪ್ಪಳದ ಹಾಗೆ ಎದ್ದಿದ್ದರೆ, ಕೈಯಾಡಿಸಿದಾಗ ಬಿಳಿ ಪುಡಿ ಉದುರಿದರೆ, ಒಳಗೆ ನೀರು ಜಿನುಗುತ್ತಿದೆ ಎಂದರ್ಥ. ಬಚ್ಚಲಿನ ನೆಲವನ್ನು ಪೈಪಿಗೆಂದು ತಗ್ಗಿಸಿ, ಮೇಲೆ ತುಂಬಿ ಟೈಲ್ಸ್ ಹಾಕಿರುತ್ತಾರೆ. ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಕಿಂಡಿ) ಜಾಯಿಂಟ್ ಬಿಟ್ಟುಕೊಂಡರೆ ಆ ತುಂಬಿದ ಜಾಗವೆಲ್ಲ ನೀರು ಹೀರಿಕೊಂಡು ಕೂರುತ್ತದೆ. ಮಾರುವವರು ಹೊಸದಾಗಿ ಪೇಂಟು ಹೊಡೆಸಿದ್ದರೆ ಗೋಡೆ ನೋಡಿ ಏನೂ ತಿಳಿಯದು. ಆಗ ಬಚ್ಚಲಿನ ತೂಬಿಗೆ ಬಟ್ಟೆ ಬಿಗಿದು, ಎರಡಿಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನ ಮನೆಯವರ ಬಚ್ಚಲಿನ ಚಾವಣಿ ನೋಡಬೇಕು. ಇದಕ್ಕೆ ಮಾರುವವರು ಒಪ್ಪದಿದ್ದರೆ ಟೈಲ್ಸ್ ಕಿತ್ತು ವಾಟರ್‌ಪ್ರೂಫಿಂಗ್ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಎಂದು ಕೇಳಿ.

ನೀರಿನ ವಿಷಯದಲ್ಲಿ ಬಾಯಿಮಾತು ಸಾಲದು. ಅಸೋಸಿಯೇಷನ್‌ನವರಿಂದ ಕಳೆದ 12 ತಿಂಗಳ ಟ್ಯಾಂಕರ್ ಬಿಲ್ಲು ಕೇಳಿ, ಮಾರ್ಚ್-ಏಪ್ರಿಲ್‌ನದನ್ನು ಮುಖ್ಯವಾಗಿ ನೋಡಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ನಂಬಿಕೊಂಡ ಕಟ್ಟಡಗಳ ಪಾಡು ಎಲ್ಲರಿಗೂ ಗೊತ್ತು. ಕಾವೇರಿ ಸಂಪರ್ಕ ಇರುವ ಮನೆಗೆ ಎರಡು ಲಕ್ಷ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಕರಾರು 11 ತಿಂಗಳಿಗೆ ಮಾಡುವುದು ರೂಢಿ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಬಾಡಿಗೆದಾರರು ಒಳಬರುವ ದಿನ ಕರೆಂಟ್ ಮೀಟರಿನ ರೀಡಿಂಗ್, ಪ್ರತಿ ಕೋಣೆಯ ಫೋಟೊ, ಫ್ಯಾನು-ಗೀಸರಿನ ಪಟ್ಟಿ ಎರಡೂ ಕಡೆಯವರ ಸಹಿಯೊಂದಿಗೆ ಕರಾರಿಗೆ ಲಗತ್ತಿಸಿ. ಅಡ್ವಾನ್ಸ್ ಹಣವನ್ನು ಇಎಂಐಗೋ ಕಪಾಟು ಮಾಡಿಸಲೋ ಮುಟ್ಟಬೇಡಿ, ಎಫ್‌ಡಿಯಲ್ಲಿ ಇಡಿ. ಅದು ಅವರ ದುಡ್ಡು. ಮುಂದಿನವರು ಅಡ್ವಾನ್ಸ್ ಕೊಟ್ಟ ಮೇಲೆ ಕೊಡುತ್ತೇನೆ ಎಂದು ತಿಂಗಳುಗಟ್ಟಲೆ ಅಲೆದಾಡಿಸುವುದು ಅನ್ಯಾಯ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತೀರಿ ಎಂಬುದನ್ನು ಮೊದಲೇ ಬರೆದು, ಕೀಲಿ ಕೈಗೆ ಬಂದ ದಿನವೇ ಕೊನೆಯ ರೀಡಿಂಗ್ ನೋಡಿ, ಬಾಕಿ ಕಳೆದು, ಉಳಿದದ್ದನ್ನು ಅವರ ಖಾತೆಗೆ ಹಾಕಿಬಿಡಿ.