ಕುಂದಗೋಳದ ವಾಡೆ, ಗದಗಿನ ಆಶ್ರಮ, ಧಾರವಾಡದ ಅಟ್ಟ

ನಮ್ಮ ಕಡೆ ಇಷ್ಟು ಮಂದಿ ಹಿಂದೂಸ್ತಾನಿ ಗವಾಯಿಗಳು ಹೆಂಗ ಹುಟ್ಟಿದ್ರು ಅಂತ ಯಾರನ್ನ ಕೇಳಿದ್ರೂ ಒಂದ ಉತ್ತರ, ಇಲ್ಲಿ ನೀರು ಗಾಳಿ ಹಂಗೈತ್ರಿ ಅಂತ. ಹುಬ್ಬಳ್ಳ್ಯಾಗ ನಳಕ್ಕ ನೀರು ಬರೂದ ವಾರಕ್ಕೊಮ್ಮೆ, ಅದರಾಗ ರಾಗ ಎಲ್ಲಿಂದ ಬರಬೇಕು! ನನಗಂತೂ ಇದು ರೈಲಿನ ಕೆಲಸ ಅನಸ್ತೈತಿ. ಅದಕ್ಕ ಈ ಸಲ ರಜಾಕ್ಕ ಊರಿಗೆ ಬಂದಾಗ ಕಾರ್ ಬಿಟ್ಟು ಪ್ಯಾಸೆಂಜರ್ ಗಾಡಿ ಹತ್ತಿ ಕುಂದಗೋಳಕ್ಕ ಹೊಂಟೆ, ಜೋಡಿ ನಮ್ಮ ಕಾಕಾ. ಕಾಕಾ ಭೀಮಸೇನ ಜೋಶಿಯವರ ಭಕ್ತ, ಅವರ ಮುಂದ ಬ್ಯಾರೆ ಗವಾಯಿಗಳ ಹೆಸರು ತಗೊಳ್ಳಾಕ ಸ್ವಲ್ಪ ಧೈರ್ಯ ಬೇಕು.

ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಾಗ ಎಲ್ಲಾಕ್ಕಿಂತ ಉದ್ದ ಅಂತ ನಾವು ಹೆಮ್ಮೆ ಪಡತೀವಿ, ಆದ್ರ ಬ್ಯಾಗ್ ಹೊತ್ಕೊಂಡು ನಡಿಯಾವನಿಗೆ ಹೆಮ್ಮೆ ಅರ್ಧ ದಾರ್ಯಾಗ ಇಳೀತೈತಿ. ಕುಂದಗೋಳ ಇಲ್ಲಿಂದ ಸುಮಾರು 20 ಕಿಲೋಮೀಟರ್, ಬೆಂಗಳೂರು ಲೈನಿನ ಮ್ಯಾಲೆ. ಎರಡೂ ಕಡೆ ಕರಿ ಮಣ್ಣಿನ ಹೊಲ, ಗಾಡ್ಯಾಗ ಶೇಂಗಾ ಮಾರೋರು.

ಆ ಲೈನ್ ನೋಡಿದ್ರನ ಕಥಿ ತಿಳಿತೈತಿ. ಕಿರಾಣಾ ಘರಾಣೆಯ (ಘರಾಣೆ ಅಂದ್ರ ಹಿಂದೂಸ್ತಾನಿ ಹಾಡಿಕಿಯ ಒಂದು ಗುರುಪರಂಪರೆ) ಉಸ್ತಾದ್ ಅಬ್ದುಲ್ ಕರೀಂ ಖಾನ್ ಮಿರಜದಾಗ ಇರತಿದ್ರು, ಮೈಸೂರು ದರಬಾರಕ್ಕ ಹಾಡಾಕ ಹೋಗೂದು ಬರೂದು ಇತ್ತು. ಮಿರಜದಿಂದ ಮೈಸೂರಿಗೆ ಹೋಗಬೇಕಂದ್ರ ಬೆಳಗಾವಿ, ಧಾರವಾಡ, ಹುಬ್ಬಳ್ಳಿ ದಾಟಬೇಕು, ನಡುವ ಇಳದು ಹಾಡತಿದ್ರು, ಕಲಸತಿದ್ರು, ಅವರ ಹಿಂದ ಶಿಷ್ಯರು ಬೆಳದ್ರು. ಅವರು ಕಡಿಗೆ 1937ರಾಗ ತೀರಿಕೊಂಡದ್ದೂ ಮದ್ರಾಸ್ ಕಡೆ ಒಂದು ರೈಲ್ವೆ ಸ್ಟೇಷನ್‌ದಾಗನ, ಸಿಂಗಪೆರುಮಾಳ್ ಕೋಯಿಲ್ ಅಂತ. ಇದರ ಮ್ಯಾಲೆ ಮರಾಠಿ ನಾಟಕ ಕಂಪನಿಗಳು ಬ್ಯಾರೆ, ಇದೆಲ್ಲಾ ಆಗ ಮುಂಬೈ ಪ್ರಾಂತ್ಯ ನೋಡ್ರಿ, ಕಂಪನಿ ಬಂದ್ರ ನಾಟ್ಯಗೀತೆ ಬರ್ತಿತ್ತು, ಅದನ್ನ ಕೇಳಿದ ಹುಡುಗೂರಿಗೆ ರಾಗದ ಹುಚ್ಚು ಹತ್ತತಿತ್ತು.

ಕುಂದಗೋಳದ ರಾಮಭಾವು, ಅಂದ್ರ ಸವಾಯಿ ಗಂಧರ್ವರು (1886–1952), ಖಾನಸಾಹೇಬರ ಶಿಷ್ಯರು, ಮುಂದ ರಂಗಭೂಮ್ಯಾಗ ಸ್ತ್ರೀಪಾತ್ರಕ್ಕ ಹೆಸರು ಮಾಡಿದ್ರು. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕ ಸೇರಿತ್ತು. ಅಲ್ಲಿಯ ನಾಡಿಗೇರ ವಾಡೆ, ಅಂದ್ರ ನಾಡಿಗೇರ ಮನಿತನದ ಹಳೇ ದೊಡ್ಡ ಮನಿ, ಒಳಗ ಕಾಲಿಟ್ಟ ಕೂಡಲೆ ಕಾಕಾ ಚಪ್ಪಲ್ ಬಿಟ್ಟು ದೇವರ ಮನಿಗೆ ಬಂದಂಗ ಕೈ ಮುಗದ್ರು. ಮರದ ಕಂಬ, ಹಳೇ ತೊಲಿ, ಹೊರಗಿನ ಬಿಸಲು ಒಳಗ ಗೊತ್ತ ಆಗೂದಿಲ್ಲ. ಗುರುಗಳ ಪುಣ್ಯತಿಥಿಗೆ ಇಲ್ಲೆ ರಾತ್ರಿ ಪೂರ್ತಿ ಹಾಡತಾರ, ಕೇಳೋರು ನೆಲದ ಮ್ಯಾಲೆ ಕುಂಡ್ರತಾರ. ನಾ ಸುಮ್ನ ಒಂದು ಆ ಅಂತ ಸ್ವರ ಹಚ್ಚಿ ನೋಡಿದೆ, ಮೈಕ್ ಬೇಕಾಗಿಲ್ಲ ಈ ಜಾಗಾಕ್ಕ ಖರೇನ. ಕಾಕಾ ಮಾತ್ರ "ತಮ್ಮಾ, ಸಾಕು, ನೀ ಬಾಯಿ ಮುಚ್ಚು" ಅಂದ್ರು.

ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಇದ ಲೈನಿನ ಗಾಡಿ ಹಿಡದು ಇಲ್ಲಿಗೆ ಕಲಿಯಾಕ ಬರತಿದ್ರು, ಮನಿ ಮಕ್ಕಳು ಎಲ್ಲಾ ಸಂಭಾಳಿಸಿ. ಭೀಮಸೇನ ಜೋಶಿ ಅವರದು ಇನ್ನೂ ಮಜಾ ಕಥಿ. ಗದಗಿನ ಹುಡುಗ, ಅಬ್ದುಲ್ ಕರೀಂ ಖಾನರ ರಿಕಾರ್ಡ್ ಕೇಳಿ 1933ರಾಗ ಹನ್ನೊಂದು ವರ್ಷಕ್ಕ ಮನಿ ಬಿಟ್ಟು ಓಡಿಹೋದ್ರು, ಗುರು ಹುಡಕ್ಕೊಂತ ಗ್ವಾಲಿಯರ್ ಅಂತ, ಜಲಂಧರ್ ಅಂತ ಅಡ್ಡಾಡಿದ್ರು. ಜಲಂಧರದಾಗ ವಿನಾಯಕರಾವ್ ಪಟವರ್ಧನರು ಹೇಳಿದ್ದೇನು ಅಂದ್ರ, ನಿಮ್ಮ ಊರ ಹತ್ರನ ಸವಾಯಿ ಗಂಧರ್ವರು ಇದ್ದಾರ, ಅಲ್ಲಿ ಹೋಗು ಅಂತ! ಆಮ್ಯಾಲೆ ಇಲ್ಲಿ ಗುರುಗಳ ಮನ್ಯಾಗ ನೀರು ಹೊತ್ತು, ಕೆಲಸ ಮಾಡಿ ಕಲತದ್ದು. ಕಾಕಾ ಇದನ್ನ ನನಗ ಸಣ್ಣಾವ ಇದ್ದಾಗಿಂದ ಹೇಳ್ಕೊಂತ ಬಂದಾರ, ವಾಡೇದಾಗ ನಿಂತೂ ಮತ್ತ ಮೊದಲಿಂದ ಹೇಳಿದ್ರು.

ಗದಗಕ್ಕ ಬಸ್ಸಿನಾಗ ಹೋದ್ವಿ, ಬಸ್ ಬಗ್ಗೆ ಹೇಳೂ ಅಂಥಾದ್ದೇನಿಲ್ಲ. ಮೊದಲ ವೀರನಾರಾಯಣ ಗುಡಿ, ಕುಮಾರವ್ಯಾಸ ಒದ್ದಿ ಬಟ್ಟಿ ಉಟ್ಕೊಂಡು ಅದು ಆರೂತನಕ ಭಾರತ ಬರೀತಿದ್ದ ಅನ್ನೂ ಕಂಬ ಇಲ್ಲೇನ ಐತಿ. ಮಂದಿ ಅದಕ್ಕ ಬೆನ್ನ ಹಚ್ಚಿ ಸೆಲ್ಫಿ ತಗೋತಾರ.

ನನಗ ಮನಸ್ಸಿನಾಗ ಕುಂತದ್ದು ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010), ಇಬ್ಬರಿಗೂ ಕಣ್ಣಿಲ್ಲ, ಇಬ್ಬರೂ ಹಾನಗಲ್ ತಾಲೂಕಿನೋರು. ಕಣ್ಣಿಲ್ಲದ ಮಕ್ಕಳಿಗೆ ಊಟ, ವಸತಿ, ವಿದ್ಯೆ ಎಲ್ಲಾ ಪುಕ್ಕಟೆ, ಇದನ್ನ ನಡಸಾಕ ನಾಟಕ ಕಂಪನಿ ಕಟ್ಟಿದ್ರು, ಭಕ್ತರು ತುಲಾಭಾರ ಮಾಡಿಸಿದ್ರ ಆ ರೊಕ್ಕಾನೂ ಮಕ್ಕಳಿಗನ. ನಾವು ಹೋದಾಗ ಒಬ್ಬ ಹುಡುಗ ತಬಲಾ ಶ್ರುತಿ ಮಾಡಾಕತ್ತಿದ್ದ. ಕಿವಿ ದಾಯಾನ (ಬಲಗೈಲೆ ಬಾರಿಸೂ ತಬಲಾ) ಹತ್ರ ಬಗ್ಗಿಸಿ, ಎಡಗೈ ಬೆರಳಿನಿಂದ ಗಟ್ಟಾ, ಅಂದ್ರ ಬಾಜೂಕ ಬಾರಿನ ಕೆಳಗ ಸಿಗಿಸಿದ ಕಟಗಿ ತುಂಡು, ಎಲ್ಲೈತಿ ಅಂತ ಮುಟ್ಟಿ ನೋಡಿ, ಅದರ ಮ್ಯಾಲೆ ಸಣ್ಣ ಸುತ್ತಿಗಿಯಿಂದ ಟಕ್ ಅಂತ ಒಂದು ಏಟು, ಮತ್ತ ತಬಲಾದ ಅಂಚಿನ ಮ್ಯಾಲೆ 'ನಾ' ಅಂತ ಒಂದು ಬೋಲ್ ಬಾರಿಸಿ, ಸರಿ ಇಲ್ಲ ಅಂತ ತಲಿ ಅಲ್ಲಾಡಿಸಿ ಇನ್ನೊಂದು ಏಟು. ನನಗ ಅಷ್ಟೊತ್ತಿಗೆ ಸ್ವರ ಕೂಡಿತು ಅನಿಸಿತ್ತು, ಅವನಿಗೆ ಇಲ್ಲ. ಬಾಜೂ ಕೋಣ್ಯಾಗ ಹಾರ್ಮೋನಿಯಂ, ಆಚೆ ಕೋಣ್ಯಾಗ ವಯೋಲಿನ್, ಎಲ್ಲಾ ಒಮ್ಮೆಲೆ ಕೇಳತಿದ್ರೂ ಅವನಿಗೆ ಅವನ ತಬಲಾ ಅಷ್ಟ.

ಮರುದಿನ ಧಾರವಾಡ. ಮಲ್ಲಿಕಾರ್ಜುನ ಮನ್ಸೂರರ (1910–1992) ಮನಿ 'ಮೃತ್ಯುಂಜಯ' ಈಗ ಸ್ಮಾರಕ ಆಗೇತಿ. ಅವರೂ ಹುಡುಗ ಇದ್ದಾಗ ನಾಟಕ ಕಂಪನ್ಯಾಗ ಇದ್ದೋರ, ಅಲ್ಲಿ ಅವರ ದನಿ ಕೇಳಿ ಮಿರಜದ ನೀಲಕಂಠ ಬುವಾ ಕರಕೊಂಡು ಹೋಗಿ ಕಲಿಸಿದ್ರು, ಆಮ್ಯಾಲೆ ಜೈಪುರ ಅತ್ರೌಲಿ ಘರಾಣೆಯ ಹಾಡಿಕಿ ಕಲತ್ರು. ಮತ್ತ ನಾಟಕ, ಮತ್ತ ಮಿರಜ ನೋಡ್ರಿ! ನಾ ಇಷ್ಟು ಹೇಳಿ, ನನಗ ಮನ್ಸೂರರ ಅಪರೂಪದ ರಾಗಗಳ ಮುಂದ ಬ್ಯಾರೆ ಏನೂ ಬ್ಯಾಡ ಅಂದಿದ್ದಕ್ಕ ಕಾಕಾ ಸುಭಾಸ ರಸ್ತೆ ಮುಟ್ಟೂತನಕ ಮಾತಾಡಲಿಲ್ಲ.

ಸುಭಾಸ ರಸ್ತೇದಾಗ ಮನೋಹರ ಗ್ರಂಥಮಾಲೆಯ ಅಟ್ಟ. 1933ರಾಗ ಜಿ.ಬಿ. ಜೋಶಿ ಶುರು ಮಾಡಿದ್ದು, ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' ಪ್ರಕಟ ಆಗಿದ್ದು ಇಲ್ಲಿಂದನ. ಬೇಂದ್ರೆ, ಕುರ್ತಕೋಟಿ ಎಲ್ಲಾ ಈ ಅಟ್ಟ ಹತ್ತಿ ಹರಟಿ ಹೊಡದೋರು. ದೊಡ್ಡ ಆಫೀಸು, ಎಸಿ ಕೋಣಿ ಅಂತ ಎಣಿಸಿ ಹೋದ್ರ ಖಂಡಿತ ನಿರಾಶೆ ಆಗ್ತೈತಿ. ನಾವು ಒಂದಿಷ್ಟು ಪುಸ್ತಕ ತಗೊಂಡ್ವಿ, ಪೇಢೆ ಕಟ್ಟಿಸ್ಕೊಂಡ್ವಿ, ಸಾಧನಕೇರಿ ಹೋಗೂದ್ರಾಗ ಕತ್ತಲಾತು.

ಶಿಶುನಾಳ ಮಾತ್ರ ಈ ಸಲ ಆಗಲಿಲ್ಲ. ಶರೀಫರ ಊರು ಬಿಟ್ಟು ಇದೆಂಥಾ ಪ್ರವಾಸ ಅಂತ ಕಾಕಾ ಇನ್ನೂ ಬೈಯಾಕತ್ಯಾರ. ನೀವು ಯಾರರ ಹೊಂಟ್ರ ಕುಂದಗೋಳಕ್ಕ ಕಾರ್ ತಗೊಂಡು ಹೋಗಬ್ಯಾಡ್ರಿ, ಪ್ಯಾಸೆಂಜರ್ ಗಾಡಿನ ಹತ್ರಿ, ಟೈಮ್ ಮಾತ್ರ ಮೊದಲ ನೋಡ್ಕೋರಿ, ಮತ್ತ ವಾಡೆ ಅಂದ್ರ ಮಂದಿ ಇರೂ ಮನಿ, ಬಾಗಲದಾಗ ನಿಂತು ಕೇಳಿ ಒಳಗ ಹೋಗ್ರಿ.