ಮೋರಿ ಕೆಳಗಿನ ಹತ್ತುಮೀನು

9 ಜೂನ್ 2024, ಭಾನುವಾರ

ರಾತ್ರಿಯಿಡೀ ಹೊಯ್ದ ಮೃಗಶಿರಾ ಮಳೆ ಬೆಳಗಿನ ಜಾವ ಒಂದು ಗಳಿಗೆ ಬಿಟ್ಟಿತ್ತು. ಕರೆಂಟು ಹೋಗಿ ಎರಡು ದಿನ. ಬಚ್ಚಲೊಲೆಗೆ ಬೆಂಕಿ ಹಾಕುತ್ತಿದ್ದ ಚಿಕ್ಕಪ್ಪ, "ಹಳ್ಳ ಕೆಂಪಾಗಿದೆ ಕಣೋ. ಹತ್ತುಮೀನು ಎದ್ದಿರ್ತವೆ, ಮೋರಿ ಹತ್ರ ಹೋಗಿ ನೋಡು" ಅಂದರು. ಹೊಸ ನೀರಿಗೆದುರಾಗಿ ಮೇಲೆ ಹತ್ತಿ ಬರುವ ಮೀನಿಗೆ ನಮ್ಮಲ್ಲಿ ಹತ್ತುಮೀನು ಅನ್ನುವುದು. ಟಾರ್ಚು, ಕೊಡೆ ಹಿಡಿದು ಹೊರಟೆ.

ಹೊಸನಗರ ಸೀಮೆಯ ನಮ್ಮ ಹಳ್ಳಕ್ಕೆ ಹೆಸರೇ ಇಲ್ಲ. ಬೇಸಿಗೆಯಲ್ಲಿ ದಾಟಿದರೆ ಪಾದವೂ ನೆನೆಯದು. ಗದ್ದೆ ಬಯಲು ಹಾದು, ತೋಟದ ಬುಡ ಬಳಸಿ ಹೋಗಿ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಸೇರುತ್ತದೆ. 1964ಕ್ಕೆ ಮುಂಚೆ ಅಲ್ಲಿ ಹರಿಯುತ್ತಿದ್ದುದು ಶರಾವತಿ. ಈಗ ನಿಂತ ನೀರು. ಆದರೂ ಮೊದಲ ಕೆನ್ನೀರಿನ ವಾಸನೆ ಸಿಕ್ಕಿದ್ದೇ ತಡ, ಮೀನು ಹೊಳೆ ಬಿಟ್ಟು ಹಳ್ಳ, ಹಳ್ಳ ಬಿಟ್ಟು ಗದ್ದೆ ಹತ್ತುತ್ತವೆ. ಮೊಟ್ಟೆ ಇಡಲು ಅವಕ್ಕೆ ಬೇಕಾದ್ದು ಮೊಣಕಾಲುದ್ದದ ನೀರು, ಹುಲ್ಲಿನ ಮರೆ, ದೊಡ್ಡ ಮೀನಿನ ಕಾಟವಿಲ್ಲದ ಜಾಗ. ಹೊಸ ನೀರು ನಿಂತ ಗದ್ದೆಗಿಂತ ಒಳ್ಳೆಯ ಬಾಣಂತಿ ಕೋಣೆ ಯಾವುದಿದೆ?

ಮೋರಿ ಹತ್ತಿರ ಟಾರ್ಚು ಬಿಟ್ಟೆ. ಎರಡು ವರ್ಷದ ಹಿಂದೆ ರಸ್ತೆ ಅಗಲ ಮಾಡಿದವರು ಹಳೇ ಕಲ್ಲುಮೋರಿ ಕಿತ್ತು ಸಿಮೆಂಟು ಪೈಪು ಕೂರಿಸಿದ್ದಾರೆ. ಪೈಪಿನ ಬಾಯಿ ಹಳ್ಳದ ತಳಕ್ಕಿಂತ ಮೇಲಿದೆ. ಕೊಡೆ ಕೋಲಿಟ್ಟು ಅಳೆದೆ, ಹತ್ತಿರ ಹತ್ತಿರ ಒಂದೂವರೆ ಮೊಳ. ನೀರು ಅಲ್ಲಿಂದ ಧಬಧಬ ಬೀಳುತ್ತಿತ್ತು. ಕೆಳಗಿನ ಗುಂಡಿ ತುಂಬ ಗೊಜಲೆ ಮೀನು. ಹೊಟ್ಟೆ ಉಬ್ಬಿ ಬೆಳ್ಳಗೆ ಹೊಳೆಯುತ್ತಿದ್ದವು. ಒಂದೊಂದೇ ಹಾರುವುದು, ಸಿಮೆಂಟಿನ ಅಂಚಿಗೆ ಬಡಿಯುವುದು, ಮಗುಚಿ ಬೀಳುವುದು. ಒಂದರ ಮೂತಿ ಕೆತ್ತಿಹೋಗಿತ್ತು. ಅದೂ ಹಾರುತ್ತಲೇ ಇತ್ತು.

ಮುರುಗೋಡಿನ ವಿಷಯವೇ ಬೇರೆ. ಅದು ಗಾಳಿ ಕುಡಿದು ಬದುಕಬಲ್ಲ ಮೀನು. ಪೈಪಿನ ಗೊಡವೆಗೇ ಹೋಗದೆ ಬದಿಯ ಒದ್ದೆ ಹುಲ್ಲಿನ ಮೇಲೆ ಕಿವಿರು ಪಕ್ಕದ ಮುಳ್ಳೂರಿ ಹೊರಳುತ್ತ, ಹಾವಿನ ಹಾಗೆ ರಸ್ತೆಗೆ ಹತ್ತಿತು. ನಾನು ಟಾರ್ಚು ಆರಿಸಿ ದಾರಿ ಬಿಟ್ಟೆ.

ಗೊಜಲೆ ಬಗ್ಗೆ ಕನಿಕರಿಸುವ ಯೋಗ್ಯತೆ ನನಗೇನೂ ಇಲ್ಲ. ಹುಡುಗರಿದ್ದಾಗ ಇದೇ ಹಳ್ಳಕ್ಕೆ ಮೀನು ಹಿಡಿಯುವ ಕೂಣಿ ಹಾಕಿ, ಮೊಟ್ಟೆ ತುಂಬಿದ್ದನ್ನೇ ಆರಿಸಿ ತಿಂದವರು ನಾವು. ಆದರೆ ಕೂಣಿಯನ್ನು ಎರಡು ದಿನಕ್ಕೆ ಎತ್ತುತ್ತಿದ್ದೆವು. ಪೈಪು ಎತ್ತುವವರಿಲ್ಲ.

ಶರಾವತಿಯ ಮೀನೆಂದರೆ ಅಣೆಕಟ್ಟೆಯ ಕಾಟ್ಲಾ, ರೋಹು ಅಂದುಕೊಂಡವರೇ ಹೆಚ್ಚು. ಅವು ಗಂಗೆಯ ಬಯಲಿನವು, ತಂದು ಬಿಟ್ಟವು. ಇಲ್ಲೇ ಹುಟ್ಟಿದವರ ಪರಿಚಯ ನಮಗೆ ಕಡಿಮೆ. 2004ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಒಂದು ಪುಟ್ಟ ಮೀಸೆಮೀನಿಗೆ ಬಟಾಸಿಯೋ ಶರಾವತಿಯೆನ್ಸಿಸ್ ಎಂಬ ಹೆಸರು. 2006ರಲ್ಲಿ ಇನ್ನೆರಡು, ಕಲ್ಲಿನ ಸಂದಿಯಲ್ಲಿ ಬದುಕುವ ಪಟ್ಟೆಮೀನುಗಳು: ಶಿಸ್ಟುರಾ ಶರಾವತಿಯೆನ್ಸಿಸ್, ಶಿಸ್ಟುರಾ ನಾಗೋಡಿಯೆನ್ಸಿಸ್. ಎರಡನೆಯದಕ್ಕೆ ನಮ್ಮ ತಾಲ್ಲೂಕಿನ ನಾಗೋಡಿಯ ಹೆಸರು! ಬೆರಳುದ್ದವೂ ಇಲ್ಲದ ಈ ಜಾತಿಯವು ಜಲಾಶಯದ ಕೆಸರಲ್ಲಿ ಬಾಳುವವಲ್ಲ. ಅವಕ್ಕೆ ಗರಸುಕಲ್ಲಿನ ಮೇಲೆ ಚಿಮ್ಮಿ ಹರಿವ ತಿಳಿನೀರೇ ಬೇಕು, ಅಂದರೆ ಹೆಸರಿಲ್ಲದ ಹಳ್ಳಗಳೇ ಬೇಕು.

ಬೆಳಕು ಹರಿದ ಮೇಲೆ ಚಿಕ್ಕಪ್ಪನೂ ಬಂದರು. ಕಿತ್ತು ಬಿಸಾಡಿದ್ದ ಹಳೇ ಮೋರಿಯ ಕಲ್ಲುಗಳು ಅಲ್ಲೇ ಬಿದ್ದಿದ್ದವು. ಇಬ್ಬರೂ ಹೊತ್ತು ತಂದು ಪೈಪಿನ ಬಾಯಡಿ ಇಳಿಜಾರಾಗಿ ಒಟ್ಟಿದೆವು. ಮೂರು ಸಲ ಕೊಚ್ಚಿ ಹೋಯಿತು. ನಾಲ್ಕನೇ ಸಲ ಬುಡಕ್ಕೆ ದೊಡ್ಡದೊಂದು ಕಲ್ಲು ಕೊಟ್ಟು ಚಿಕ್ಕಪ್ಪ, "ಅಪ್ಪ ಹೀಂಗೇ ಕಟ್ಟು ಕಟ್ತಿದ್ರು" ಅಂದರು. ನೀರು ಒಡೆದು, ಕಲ್ಲಿಂದ ಕಲ್ಲಿಗೆ ಸಣ್ಣ ಸಣ್ಣ ಮಡುವಾಯಿತು. ಅರ್ಧ ಗಂಟೆ ಕಾದೆವು. ಮೊದಲ ಗೊಜಲೆ ಎರಡನೇ ಕಲ್ಲಿನವರೆಗೆ ಬಂದು ನಿಂತು, ಬಾಲ ಒಮ್ಮೆ ಬಡಿದು ಪೈಪಿನೊಳಗೆ ಹೋಯಿತು. ಆಮೇಲೆ ಎಣಿಸಿದ್ದು ಹದಿನೇಳು. ಅಷ್ಟರಲ್ಲಿ ಮಳೆ ಮತ್ತೆ ಹಿಡಿಯಿತು.

ರಾತ್ರಿ ಊಟಕ್ಕೆ ಕೂತರೆ ಮೀನು ಸಾರು. ನಾನು ತಲೆ ಎತ್ತಿ ನೋಡಿದೆ.

"ಮುರುಗೋಡು ಮಾರಾಯ. ರಸ್ತೆ ಮೇಲೇ ಸಿಕ್ತು" ಅಂದರು ಚಿಕ್ಕಪ್ಪ.