ಅಜ್ಜಿಯ ಮೂಸ್, ಅಪ್ಪನ ರೇಟು

12 ನವೆಂಬರ್ 2024, ಮಂಗಳವಾರ
ಗೋಥೆನ್‌ಬರ್ಗ್, ಸ್ವೀಡನ್

ಕೆಳಮನೆ ಅಜ್ಜಿಯ ಬಲಗೈ ಇನ್ನೂ ಪಟ್ಟಿಯಲ್ಲೇ ಇದೆ. ಸಂಜೆ ನಾನು ಬಂದು ಶೂ ಬಿಚ್ಚೋ ಮೊದಲೇ ಬಾಗಿಲು ತಟ್ಟಿದರು. ಎಡಗೈಯಲ್ಲಿ ಆಲೂಗೆಡ್ಡೆ ಚೀಲ, ಕಂಕುಳಲ್ಲಿ ನಮ್ಮ ಶಾವಿಗೆ ಒರಳಿನಂಥದ್ದೊಂದು ಪ್ರೆಸ್ಸು. "ಒತ್ತೋಕೆ ಎರಡು ಕೈ ಬೇಕು, ನನ್ನ ಹತ್ರ ಈಗ ಒಂದೇ ಇದೆ" ಅಂತ ಸೀದಾ ಅಡುಗೆಮನೆಗೇ ನಡೆದರು.

ಅವರ ಮನೆ ತಾತ ಈಗ ವೃದ್ಧಾಶ್ರಮದಲ್ಲಿದ್ದಾರಲ್ಲ, ಅಲ್ಲಿ ಕೊಡೋ ಮೂಸ್, ಅಂದ್ರೆ ಹಿಸುಕಿದ ಆಲೂಗೆಡ್ಡೆ, ಅವರಿಗೆ ಸೇರ್ತಿಲ್ಲವಂತೆ. ಪುಡಿಗೆ ಬಿಸಿನೀರು ಹಾಕಿ ಕಲಸಿದ್ದು. ಪೊಟಾಟಿಸ್‌ಮೂಸ್ ಅಂದ್ರೆ ಇಲ್ಲಿಯವರಿಗೆ ನಮ್ಮ ಮೊಸರನ್ನ ಇದ್ದ ಹಾಗೆ ಅಂತ ಬರೆಯೋಣ ಅನ್ನಿಸಿತ್ತು, ಬೇಡ. ಮೊಸರನ್ನಕ್ಕೆ ಯಾರೂ ಇಷ್ಟು ಕಾನೂನು ಮಾಡಿಲ್ಲ.

ಅಜ್ಜಿ ಕುರ್ಚಿ ಎಳಕೊಂಡು ಒಲೆ ಪಕ್ಕ ಕೂತರು. ಹೊಸ ಬೆಳೆಯ ಗೆಡ್ಡೆ ಆಗಲ್ಲ, ಅದು ಅಂಟು. ಹಿಟ್ಟುಹಿಟ್ಟಾದದ್ದೇ ಬೇಕು, ಅದಕ್ಕೇ ಕಿಂಗ್ ಎಡ್ವರ್ಡ್ ಅನ್ನೋ ತಳಿ ತಂದಿದ್ದಾರೆ. ಸಿಪ್ಪೆ ಮೇಲೆ ಅಲ್ಲಲ್ಲಿ ನಸುಗೆಂಪು ಮಚ್ಚೆ. ಹೋಳು ಒಂದೇ ಸಮ ಇರಬೇಕು. ಉಪ್ಪುನೀರಲ್ಲಿ ಬೆಂದು ನೀರು ಬಸಿದ ಮೇಲೆ ನಾನು ಪ್ರೆಸ್ಸಿಗೆ ಕೈ ಹಾಕಿದೆ. "ಇರು ಇರು" ಅಂದರು. ಪಾತ್ರೆ ಮತ್ತೆ ಒಲೆ ಮೇಲೆ, ಮುಚ್ಚಳ ಇಲ್ಲದೆ. ಸುಮ್ಮನೆ ಅಲ್ಲಾಡಿಸ್ತಾ ಇರಬೇಕು, ಹಬೆಯೆಲ್ಲ ಹೋಗಿ ಹೋಳುಗಳ ಅಂಚು ಬೆಳ್ಳಗೆ, ಮುಟ್ಟಿದರೆ ಉದುರೋ ಹಾಗೆ ಆಗೋವರೆಗೂ. ನೀರು ಉಳಿದರೆ ಹಾಲಿಗೆ ಜಾಗ ಎಲ್ಲಿ ಅಂತ ಅವರ ಪ್ರಶ್ನೆ.

ಬಿಸಿ ಇರುವಾಗಲೇ ಒತ್ತಿದೆ. ತೂತುಗಳಿಂದ ಎಳೆಎಳೆಯಾಗಿ ಇಳಿದು ತಾನಾಗೇ ಮುರಿದು ಬೀಳೋದು ನೋಡೋಕೆ ಚೆನ್ನಾಗಿತ್ತು. ಹಾಲು, ಬೆಣ್ಣೆ ಬೇರೆ ಪಾತ್ರೆಯಲ್ಲಿ ಕಾಯಿಸಿಟ್ಟಿದ್ದನ್ನ ಸ್ವಸ್ವಲ್ಪವೇ ಹಾಕಿ ಮರದ ಸೌಟಲ್ಲಿ ತಿರುವಿದ್ದು. ಕರೆಂಟಿನ ಕಡೆಗೋಲು ಇದೆಯಲ್ಲ ಅಂದಿದ್ದಕ್ಕೆ ಕಣ್ಣು ಕೆಕ್ಕರಿಸಿದರು. ಅದರಲ್ಲಿ ಬಡಿದರೆ ಪಿಷ್ಟವೆಲ್ಲ ಒಡೆದು ಹೊರಗೆ ಬಂದು ಗೋಂದಾಗತ್ತೆ, ಅದು ನಿಜವೇ. ಆದರೆ ನಮ್ಮ ಆಫೀಸಿನ ಅರ್ಧ ಜನ ಅದರಲ್ಲೇ ಮಾಡೋದು ಅಂತ ಅವರಿಗೆ ಹೇಳಲಿಲ್ಲ. ಕೊನೆಗೆ ಬಿಳಿ ಮೆಣಸು, ಉಪ್ಪು, ಅಮ್ಮ ಕೊಟ್ಟು ಕಳಿಸಿದ್ದ ಜಾಜಿಕಾಯಿ ಒಂಚೂರು ತುರಿದು. ಬೆಳ್ಳುಳ್ಳಿ ಕೇಳಿದ್ದಕ್ಕೆ "ಅದು ಫ್ರಾನ್ಸಿನವರಿಗೆ ಇರಲಿ."

ಅಜ್ಜಿಯ ಅಮ್ಮ ಮಾಡ್ತಿದ್ದದ್ದು ರೂಟ್‌ಮೂಸ್ ಅಂತೆ. ಹಳದಿ ತಿರುಳಿನ ಕೋಲ್‌ರೂಟ್ ಗೆಡ್ಡೆ, ಕ್ಯಾರೆಟ್ಟು, ಆಲೂಗೆಡ್ಡೆ, ಎಲ್ಲ ಹಂದಿಕಾಲು ಬೇಯಿಸಿದ ನೀರಲ್ಲೇ ಬೆಂದು ಹಿಸುಕಿಸಿಕೊಳ್ತಿದ್ದವು. ನನ್ನ ಮುಖ ನೋಡಿ "ನಿನಗೆ ಬರೀ ನೀರಲ್ಲೂ ಆಗತ್ತೆ, ರುಚಿ ಇರಲ್ಲ ಅಷ್ಟೇ" ಅಂತ ಸಮಾಧಾನ ಬೇರೆ.

ರೈಲಲ್ಲಿ ಆಲಿಂಗ್‌ಸೋಸ್ ದಾಟ್ತೀವಲ್ಲ, ಆ ಊರಲ್ಲಿ ಯೂನಾಸ್ ಆಲ್‌ಸ್ಟ್ರೋಮರ್ 1724ರಲ್ಲಿ ಆಲೂಗೆಡ್ಡೆ ನೆಟ್ಟ. ಜನ ಬಹಳ ಕಾಲ ಮೂಸಿಯೂ ನೋಡಲಿಲ್ಲ. 1746ರಲ್ಲಿ ಎವಾ ಏಕೆಬ್ಲಾಡ್ ಅನ್ನೋ ಹೆಣ್ಣುಮಗಳು ಅದರಿಂದ ಹಿಟ್ಟು ತೆಗೆಯೋದು, ಸಾರಾಯಿ ಇಳಿಸೋದು ಹೇಗೆ ಅಂತ ವಿಜ್ಞಾನ ಅಕಾಡೆಮಿಗೆ ಬರೆದು ಕಳಿಸಿದಳು. 1748ರಲ್ಲಿ ಅವಳನ್ನ ಅಕಾಡೆಮಿಗೇ ಸೇರಿಸಿಕೊಂಡರು. ಮೊದಲ ಹೆಂಗಸು, ವಯಸ್ಸು 24. ಅಜ್ಜಿಯ ಪ್ರಕಾರ "ಕುಡಿಯಬಹುದು ಅಂತ ಗೊತ್ತಾದ ಮೇಲೇ ನಾವು ತಿನ್ನೋಕೆ ಒಪ್ಪಿದ್ದು."

ತಾತ ಎಷ್ಟು ತಿಂದರೋ ಇನ್ನೂ ಗೊತ್ತಿಲ್ಲ. ಡಬ್ಬಿಗೆ ಟವೆಲ್ ಸುತ್ತಿ ಕೊಟ್ಟು ಅಜ್ಜಿಯನ್ನ ಟ್ರಾಮ್ ಹತ್ತಿಸಿ ಬಂದೆ. ನಾಲ್ಕಕ್ಕೇ ಕತ್ತಲಾಗೋ ಈ ತಿಂಗಳು ನನಗೆ ಆಗಿಬರಲ್ಲ.

ಅಪ್ಪನಿಗೆ ಚೀಲದ ಫೋಟೊ ಕಳಿಸಿದ್ದೆ. ಅಲ್ಲಿ ನಡುರಾತ್ರಿ ಆಗ್ತಾ ಬಂದಿತ್ತು, ಆದರೂ ಫೋನ್ ಬಂತು. ಮೇಲಿನ ಹಲ್ಲು ತೆಗೆಸಿದ ಮೇಲೆ ಅಪ್ಪ ಬರೀ ಗಂಜಿ ಅಂತ ಅಮ್ಮನ ಗೋಳು, ಅದಕ್ಕೇ ಇದನ್ನ ಮಾಡಿಕೊಡು ಅನ್ನೋಣ ಅಂತಿದ್ದೆ. ಅಪ್ಪ ಕೇಳಿದ್ದು ರುಚಿ ಅಲ್ಲ, ರೇಟು. ಕೆಜಿಗೆ ಹದಿನೈದು ಕ್ರೋನಾ ಹತ್ತಿರ, ನಮ್ಮ ನೂರಿಪ್ಪತ್ತು ರೂಪಾಯಿ ಇರಬಹುದು ಅಂದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ, "ಅಲ್ಲಿ ಅಂಗಮಾರಿ ರೋಗ ಬರಲ್ವಾ?"

ಬರತ್ತೆ, ಇಲ್ಲೂ ಔಷಧಿ ಹೊಡೀತಾನೇ ಇರ್ತಾರೆ ಅಂದಿದ್ದಕ್ಕೆ ಅವರಿಗೆ ಒಂಥರಾ ಖುಷಿಯೇ ಆಯ್ತು. ಹಾಸನದ ಕಡೆ ಹುಟ್ಟಿದವರಿಗೆ ಆಲೂಗೆಡ್ಡೆ ಅಂದ್ರೆ ಮೊದಲು ನೆನಪಾಗೋದು ಪಲ್ಯ ಅಲ್ಲ. ಜಲಂಧರದ ಬಿತ್ತನೆ ಬೀಜ ಲಾರಿಯಿಂದ ಇಳಿಯೋದು, ಸಾಲ, ಮಳೆ ಹಿಡಕೊಂಡರೆ ವಾರದೊಳಗೆ ಕಪ್ಪಾಗಿ ಮಲಗೋ ಹೊಲ. ಸುತ್ತ ಎಲ್ಲರೂ ಜೋಳಕ್ಕೆ ಹೋದರೂ ಅಪ್ಪ ಬಿಟ್ಟಿರಲಿಲ್ಲ. ಈ ಸಲ ಬಿಟ್ಟರು. ಮನೆಯಲ್ಲಿ ತಿನ್ನೋದನ್ನೂ ಬಿಟ್ಟಿದ್ದಾರೆ ಅಂತ ಅಮ್ಮ ಹಿಂದಿನಿಂದ ಕೂಗಿದಳು. ಹಾಗಾದ್ರೆ ಮೂಸ್ ಸಲಹೆ ಅಲ್ಲಿಗೇ ನಿಂತಿತು.

ಫೋನ್ ಇಡೋ ಹೊತ್ತಿಗೆ ಅಪ್ಪ, ಕೆರೆ ಪಕ್ಕದ ಎರಡು ಎಕರೆ ಶುಂಠಿಯವರಿಗೆ ಗುತ್ತಿಗೆ ಕೊಟ್ಟುಬಿಡೋಣ ಅಂತಿದೀನಿ, ನೀನೇನಂತೀಯ ಅಂದರು. ನನ್ನನ್ನ ಯಾವತ್ತೂ ಕೇಳಿದವರಲ್ಲ. ಶುಂಠಿ ಹಾಕಿದ ಮಣ್ಣು ಆಮೇಲೆ ಏನಾಗತ್ತೆ ಅಂತ ನಮ್ಮೂರಲ್ಲೇ ನೋಡಿದೀನಿ, ಬೇಡ ಅನ್ನಬೇಕು. ಆದರೆ ಇಲ್ಲಿ ಕೂತು ಬೇಡ ಅಂದ್ರೆ, ಮತ್ತೆ ಬಿತ್ತೋರು ಯಾರು ಅಂತ